ಬಾಗಲಕೋಟೆ ಬಿಸಿಲಿನಲ್ಲಿ ಕುರಿ ತೊಗಲಿನ ಹಾಸು: ಮೂರು ಬೇಸಿಗೆ ಬಳಸಿದ ಮೇಲೆ

ಕುರಿ ತೊಗಲಿನ ಹಾಸು ಕೊಳ್ಳುವಾಗ ಎಲ್ಲರೂ ಉಣ್ಣೆಯನ್ನೇ ನೋಡುತ್ತಾರೆ. ಎಷ್ಟು ಬೆಳ್ಳಗಿದೆ, ಎಷ್ಟು ದಟ್ಟವಾಗಿದೆ, ಕೈ ಇಟ್ಟರೆ ಬೆರಳು ಎಷ್ಟು ಮುಳುಗುತ್ತದೆ ಅಂತ. ಮಾರುವವರು ಹಾಕುವ ಫೋಟೋಗಳೂ ಅದೇ ಬದಿಯವು. ಹಿಂಬದಿಯ ಫೋಟೋ ಒಂದೂ ಇರುವುದಿಲ್ಲ. ನನ್ನ ಹಾಸು ಕೆಟ್ಟದ್ದು ಆ ಹಿಂಬದಿಯಲ್ಲೇ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಅಳತೆ, ಬಣ್ಣ ಎಲ್ಲ ಮಾರುವವರೇ ಹೇಳುತ್ತಾರೆ, ಇಲ್ಲಿ ಬರೆಯುವುದಿಲ್ಲ. ಒಂದೇ ಕುರಿಯ ತೊಗಲು, ಮೆರಿನೋ ಅನ್ನುವ ನುಣ್ಣನೆ ಉಣ್ಣೆಯ ತಳಿಯದು ಅಂತ ಹೇಳಿ ಕೊಟ್ಟದ್ದು. ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ ಆರು ಸಾವಿರದ ಆಸುಪಾಸು. ನಮ್ಮ ಮನೆಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತ ಅಲ್ಲ. ಆ ದೀಪಾವಳಿಗೆ ಇಳಕಲ್ ಸೀರೆ ಬೇಡ, ಇದು ಬೇಕು ಅಂದೆ. ನವನಗರದ ನಮ್ಮ ಮನೆಗೆ ಫರ್ಸಿ ಕಲ್ಲಿನ ನೆಲ. ಗೋಡೆಗೆ ಸುಣ್ಣದ ಬಿಳುಪು. ಹಾಲ್‌ನಲ್ಲಿ ಮಾವನವರ ಕಾಲದ ಸಾಗವಾನಿ ಆರಾಮ ಕುರ್ಚಿ. ಎಲ್ಲ ಗಟ್ಟಿ, ಎಲ್ಲ ನುಣುಪು. ಎಲ್ಲಾದರೂ ಒಂದು ಕಡೆ ಮೆತ್ತಗಿನದು ಬೇಕಿತ್ತು.

ಹಾಸು ಬಂದ ದಿನವೇ ಕುರ್ಚಿಯ ಮೇಲೆ ಹಾಕಿದೆ. ಪಕ್ಕದ ದಿವಾನದ ಮೇಲೆ ಗುಳೇದಗುಡ್ಡ ಖಣದ ದಿಂಬಿನ ಚೀಲಗಳಿವೆ, ಕೆಂಪು ಮತ್ತು ಕಡು ಹಸಿರು. ಬಿಳಿ ಉಣ್ಣೆ ಪಕ್ಕಕ್ಕೆ ಬಂದ ಮೇಲೆ ಆ ಖಣದ ಬಣ್ಣ ಎದ್ದು ಕಾಣತೊಡಗಿತು. ಖಣ ರೇಷ್ಮೆಯ ಹಾಗೆ ಮಿನುಗುತ್ತದೆ, ಉಣ್ಣೆಗೆ ಮಿನುಗೇ ಇಲ್ಲ. ಎರಡೂ ಒಂದೇ ಕಡೆ ಇದ್ದರೆ ಕೋಣೆ ತುಂಬಿದಂತೆ ಅನಿಸುತ್ತದೆ. ಹೊಸದಾಗಿ ಬೇರೇನೂ ಕೊಳ್ಳಬೇಕಾಗಲಿಲ್ಲ. ಮನೆ ಅಲಂಕಾರಕ್ಕೆ ತೊಗಲು, ಉಣ್ಣೆ ತರುವವರಿಗೆ ನನ್ನ ಮಾತು ಇಷ್ಟೇ: ಒಂದು ಕೋಣೆಗೆ ಒಂದೇ ಸಾಕು. ಎರಡು ಮೂರು ಹಾಕಿದರೆ ಅಂಗಡಿಯ ಹಾಗೆ ಕಾಣುತ್ತದೆ.

ಡಿಸೆಂಬರ್, ಜನವರಿ ಚೆನ್ನಾಗಿ ಹೋಯಿತು. ಮುಂಜಾನೆ ಫರ್ಸಿ ನೆಲ ಚಳಿಗೆ ಕೊರೆಯುವಾಗ ಹಾಸನ್ನು ಕುರ್ಚಿಯಿಂದ ಇಳಿಸಿ ಕಾಲ ಕೆಳಗೆ ಹಾಕಿಕೊಂಡು ಚಹಾ ಕುಡಿಯುತ್ತಿದ್ದೆ. ಆಮೇಲೆ ಬೇಸಿಗೆ ಬಂತು.

ಹಾಸಿನ ಜೊತೆ ಒಂದು ಕಾರ್ಡ್ ಬಂದಿತ್ತು. ಆಗಾಗ ಹೊರಗೆ ಗಾಳಿ ಬಿಸಿಲಿಗೆ ಹಾಕಿ, ಕೊಳೆಯಾದರೆ ಒದ್ದೆ ಬಟ್ಟೆಯಿಂದ ಒರೆಸಿ ಅಂತ ಅದರಲ್ಲಿತ್ತು. ಅದರಂತೆಯೇ ನಡೆದುಕೊಂಡೆ. ಬಿಸಿಲೇ ಅಪರೂಪವಾದ ದೇಶದವರಿಗೆ ಬರೆದ ಕಾರ್ಡ್ ಅದು. ನಮ್ಮಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ಆಸುಪಾಸು. ಟೆರೇಸಿನ ಕಾಂಕ್ರೀಟ್ ಅದಕ್ಕಿಂತ ಜಾಸ್ತಿ ಕಾದಿರುತ್ತದೆ. ಗಾಳಿಯಲ್ಲಿ ಹಸಿಯೇ ಇರುವುದಿಲ್ಲ. ಏಪ್ರಿಲ್ ಮುಗಿಯುವಷ್ಟರಲ್ಲಿ ಹಿಂಬದಿಯ ತೊಗಲು ಹಪ್ಪಳದ ಹಾಗೆ ಆಯಿತು. ಅಂಚು ಮೇಲಕ್ಕೆ ಸುರುಳಿ ಸುತ್ತಿತು. ಮಡಚಿದರೆ ಸದ್ದು ಬರುತ್ತಿತ್ತು. ಒಂದು ಮೂಲೆಯಲ್ಲಿ ಸಣ್ಣ ಸೀಳು ಬಿಟ್ಟಿತು. ಮೇಲಿನ ಉಣ್ಣೆ ಮಾತ್ರ ತಂದ ದಿನದಂತೆಯೇ ಇತ್ತು. ಅದನ್ನು ನೋಡಿದಷ್ಟೂ ನನಗೆ ಸಿಟ್ಟು ಬರುತ್ತಿತ್ತು.

ಮಾರಿದವರಿಗೆ ಫೋಟೋ ಕಳಿಸಿ ಕೇಳಿದೆ. ಇದು ನೈಸರ್ಗಿಕ ವಸ್ತು, ವ್ಯತ್ಯಾಸ ಸಹಜ ಅಂತ ಉತ್ತರ ಬಂತು. ಸರಿ, ಈ ತೊಗಲನ್ನು ಯಾವುದರಿಂದ ಹದ ಮಾಡಿದ್ದೀರಿ ಅಂತ ಕೇಳಿದೆ. ಅದಕ್ಕೆ ಉತ್ತರ ಬರಲೇ ಇಲ್ಲ. ಆರು ಸಾವಿರ ಕೊಟ್ಟವರಿಗೆ ಅಷ್ಟು ಕೇಳುವ ಹಕ್ಕಿದೆ, ಅಲ್ವಾ? ಬೆಲೆಯ ಪಕ್ಕದಲ್ಲೇ ಬರೆಯಬೇಕಾದ ಮಾತು ಅದು. ಹಾಸು ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಉಣ್ಣೆಗಿಂತ ಹೆಚ್ಚಾಗಿ ಹದದ ಮೇಲೆ ನಿಂತಿದೆ.

ತೊಗಲು ಹವೆಗೆ ಹೇಗೆ ಬದಲಾಗುತ್ತದೆ ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಾಗಲಕೋಟೆ ಹೋಳಿಯಲ್ಲಿ ಹಲಗಿ ಬಾರಿಸುವ ಹುಡುಗರು ಮೊದಲು ಬೆಂಕಿ ಮುಂದೆ ಹಲಗಿ ಕಾಯಿಸುತ್ತಾರೆ. ಹಸಿ ಹೀರಿ ಸಡಿಲವಾದ ತೊಗಲು ಕಾವಿಗೆ ಒಣಗಿ ಬಿಗಿಯುತ್ತದೆ, ನಾದ ಖಣಖಣ ಬರುತ್ತದೆ. ಹಲಗಿಗೆ ಆ ಬಿಗಿ ಬೇಕು. ಹಾಸಿನ ತೊಗಲಿಗೆ ಅದೇ ಬಿಗಿ ಬಂದರೆ ಅದರ ಕಥೆ ಮುಗಿದಂತೆ. ಹದ ಮಾಡುವುದು ಅಂದರೆ ಹಸಿ ತೊಗಲು ಕೊಳೆಯದಂತೆ, ಒಣಗಿದಾಗ ಅದರ ಎಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ಮಾಡುವ ಕೆಲಸ. ಕೊನೆಗೆ ಎಣ್ಣೆ ಕುಡಿಸಿ ಮೆತ್ತಗೆ ಮಾಡುತ್ತಾರೆ. ಹದ ಕಚ್ಚಾ ಇದ್ದರೆ, ಎಣ್ಣೆಯೂ ಕಡಿಮೆ ಇದ್ದರೆ, ನಮ್ಮ ಬಿಸಿಲಿನ ಮುಂದೆ ಅದು ನಿಲ್ಲುವುದಿಲ್ಲ.

ಆ ಮೇ ತಿಂಗಳಲ್ಲಿ ಮದುವೆಗೆ ಅಂತ ಅಥಣಿಗೆ ಹೋಗುವುದಿತ್ತು. ಹಾಸನ್ನು ಕಾರಿನಲ್ಲಿ ಹಾಕಿಕೊಂಡೇ ಹೋದೆ. ಅಥಣಿ ಅಂದರೆ ಚಪ್ಪಲಿ. ಕೊಲ್ಹಾಪುರಿ ಅಂತ ಹೆಸರಾದ ಚಪ್ಪಲಿಗಳಲ್ಲಿ ಎಷ್ಟೋ ನಮ್ಮ ಕಡೆಯವರ ಕೈಯಿಂದಲೇ ಆಗುತ್ತವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದವು. ತೊಗಲಿನ ವಿಚಾರ ಕೇಳಲು ಇವರಿಗಿಂತ ಬೇರೆ ಯಾರು ಬೇಕು?

ಅಲ್ಲಿ ಒಬ್ಬ ಹಿರಿಯರು ಹಾಸನ್ನು ಕೈಗೆ ತಗೊಂಡವರೇ ಮಗುಚಿ ಹಾಕಿದರು. ಉಣ್ಣೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಉಗುರಿನಿಂದ ಗೀರಿದರು, ಬೆರಳ ತುದಿಯಿಂದ ಒಂದು ಹನಿ ನೀರು ಇಟ್ಟು ನೋಡಿದರು.

"ಅಕ್ಕಾರ, ಇದು ಪಟಿಕದ ಹದ ಕಾಣ್ತೈತ್ರಿ. ನಮ್ಮ ಜಾಲಿ ತೊಗಟಿ ಹದ ಅಲ್ಲ. ಇದಕ್ಕ ನೀರು ತೋರಿಸಬ್ಯಾಡ್ರಿ."

"ಒದ್ದಿ ಬಟ್ಟಿಲೆ ಒರಸ್ರಿ ಅಂತ ಬರದಾರಲ್ರಿ ಕಾಕಾ?"

"ಬರದಾವ್ರು ಬರದಾರ್ರಿ. ನೀರು ಹತ್ತಿದ್ರ ಪಟಿಕ ಬಿಟ್ಟ ಹೋಗತೈತಿ. ಆಮ್ಯಾಗ ಒಣಗಿದ್ರ ಹಸಿ ತೊಗಲು ಆದಂಗ ಆಗತೈತಿ."

ಅವರ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯಿಂದ ಹದ ಮಾಡುತ್ತಾರೆ. ವಾರಗಟ್ಟಲೆ ಹಿಡಿಯುವ ಕೆಲಸ ಅದು. ಆ ಹದ ತೊಗಲಿಗೆ ಕಂದು ಬಣ್ಣ ಕೊಡುತ್ತದೆ, ಅದಕ್ಕೇ ಬಿಳಿ ಉಣ್ಣೆಯ ಹಾಸಿಗೆ ಅದನ್ನು ಅಷ್ಟಾಗಿ ಬಳಸುವುದಿಲ್ಲ. ಆಮೇಲೆ ನಾನೂ ಓದಿ, ಕೇಳಿ ತಿಳಿದುಕೊಂಡೆ. ಹಿಂಬದಿಗೆ ಬಣ್ಣ ಹಾಕಿರದಿದ್ದರೆ ಹದ ಯಾವುದು ಅಂತ ಕಣ್ಣಿಗೇ ಒಂದು ಅಂದಾಜು ಸಿಗುತ್ತದೆ. ಸುಣ್ಣದಂತೆ ಬೆಳ್ಳಗಿದ್ದರೆ ಪಟಿಕದ ಹದ ಇರುವ ಸಾಧ್ಯತೆ ಜಾಸ್ತಿ. ತೆಳು ನೀಲಿ ಬೂದು ಇದ್ದರೆ ಕ್ರೋಮ್, ಅಂದರೆ ಕ್ರೋಮಿಯಂ ಲವಣದ ಹದ. ಅದು ಕಾವನ್ನೂ ನೀರನ್ನೂ ಚೆನ್ನಾಗಿ ತಡೆಯುತ್ತದೆ. ಕಂದು ಇದ್ದರೆ ಮರದ ತೊಗಟೆಯದು. ತೆಳು ಹಳದಿ ಇದ್ದರೆ ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕ ಹಾಕಿದ್ದು. ಇದು ತೊಳೆದರೂ ಕೆಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹಾಸಿಗೆ ಹಿಡಿದ ರೋಗಿಗಳಿಗೆ ಬೆನ್ನಿನ ಹುಣ್ಣು ಆಗದಿರಲಿ ಅಂತ ಹಾಸುವ ಕುರಿ ತೊಗಲಿಗೂ ಈ ಹದ ಬಳಸುತ್ತಾರೆ. ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕಲ್ಲ, ಅದಕ್ಕೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದನ್ನು ಬಿಟ್ಟು ಬೇರೆ ತಗೊಳ್ಳಬೇಡಿ.

ಕಾಕಾ ದುಡ್ಡು ತಗೊಳ್ಳಲಿಲ್ಲ, ದಾರಿ ತೋರಿಸಿಕೊಟ್ಟರು. ಔಡಲೆಣ್ಣೆ ಒಂದು ಬೆರಳಿನಷ್ಟು. ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ ಹಿಂಬದಿಗೆ ಮಾತ್ರ ತೆಳ್ಳಗೆ ಸವರಬೇಕು. ಜಾಸ್ತಿ ಆದರೆ ಉಣ್ಣೆಗೆ ಇಳಿಯುತ್ತದೆ, ಆಮೇಲೆ ಅದರ ವಾಸನೆ ಹೋಗುವುದೇ ಇಲ್ಲ. ರಾತ್ರಿಯಿಡೀ ನೆರಳಲ್ಲಿ ಬಿಟ್ಟು, ಮರುದಿನ ಮರದ ಮಣೆಯ ಮೊಂಡ ಅಂಚಿನ ಮೇಲೆ ತೊಗಲನ್ನು ಹಿಂದೆ ಮುಂದೆ ಎಳೆಯಬೇಕು. ಅಂಟಿಕೊಂಡ ಎಳೆ ಬಿಡುವುದು ಈ ಎಳೆತಕ್ಕೆ, ಎಣ್ಣೆ ಅದಕ್ಕೆ ಬರೀ ಸಹಾಯ. ಮೊದಲ ಸಲ ಅರ್ಧ ಗಂಟೆ ಎಳೆದು ರಟ್ಟೆ ನೋವು ಬಂತು. ಆದರೆ ಕೈಯಲ್ಲೇ ಗೊತ್ತಾಗುತ್ತಿತ್ತು. ಗಟ್ಟಿ ಇದ್ದ ಜಾಗ ಒಂದೊಂದಾಗಿ ಸಡಿಲ ಆಗುತ್ತಾ ಬಂತು. ಪೂರ್ತಿ ಮೊದಲಿನಂತೆ ಆಗಿಲ್ಲ. ಎರಡು ಮೂಲೆ ಈಗಲೂ ಬಿರುಸು, ಸೀಳು ಹಾಗೇ ಇದೆ. ನಡುವಿನ ಭಾಗ ಮಾತ್ರ ಬಳಸುವಷ್ಟು ಮೆತ್ತಗಾಗಿದೆ.

ಅಲ್ಲಿಂದ ಈ ಹಾಸಿನ ಜೊತೆ ನನ್ನ ಸಂಬಂಧವೇ ಬದಲಾಯಿತು. ಈಗ ದಿನಾ ಮುಂಜಾನೆ ಬಿಸಿಲು ಏರುವ ಮೊದಲು ಅದನ್ನು ಟೆರೇಸಿಗೆ ಒಯ್ಯುತ್ತೇನೆ. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಂಡು, ಅದಕ್ಕೆ ಬೆನ್ನು ಕೊಟ್ಟು ಝಾಡಿಸುತ್ತೇನೆ. ಎರೆ ಮಣ್ಣಿನ ಧೂಳು ಎಷ್ಟು ನುಣ್ಣಗಿರುತ್ತದೆ ಅಂದರೆ ಹಾಸು ನೋಡಿದರೆ ಸ್ವಚ್ಛವೇ ಕಾಣುತ್ತದೆ, ಝಾಡಿಸಿದಾಗ ಬೂದು ಮೋಡ ಏಳುತ್ತದೆ. ಆಮೇಲೆ ನಾಯಿಯ ಕೂದಲಿಗೆ ಬಳಸುವ ತಂತಿ ಬ್ರಷ್‌ನಿಂದ ಬಾಚುತ್ತೇನೆ. ಮೊದಲು ತುದಿ, ಆಮೇಲೆ ಬುಡ. ಬುಡದಿಂದಲೇ ಶುರು ಮಾಡಿದರೆ ಗಂಟು ಬಿಗಿದು ಕೂದಲು ಕಿತ್ತು ಬರುತ್ತದೆ. ಕೂತು ಕೂತು ಚಪ್ಪಟೆಯಾದ ಜಾಗ ಬಾಚಿದ ಕೂಡಲೇ ಎದ್ದು ನಿಲ್ಲುತ್ತದೆ. ಉಣ್ಣೆಯ ಎಳೆಗೆ ಹುಟ್ಟಿನಿಂದಲೇ ಸುರುಳಿ ಇದೆ, ಒತ್ತಿದರೂ ಮತ್ತೆ ಏಳುವುದು ಅದರ ಗುಣ. ಈ ಕೆಲಸಕ್ಕೆ ಹತ್ತು ನಿಮಿಷ ಬೇಕು. ಕೆಳಗೆ ಕುಕ್ಕರ್ ಸೀಟಿ ಹೊಡೆಯುವುದರೊಳಗೆ ಮುಗಿಯುತ್ತದೆ. ನನ್ನ ದಿನದಲ್ಲಿ ಯಾರೂ ಕರೆಯದ ಹತ್ತು ನಿಮಿಷ ಅದೊಂದೇ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಇನ್ನೊಂದು ಸುಖ ನಾನು ನಿರೀಕ್ಷೆಯನ್ನೇ ಮಾಡಿರಲಿಲ್ಲ. ಬೇಸಿಗೆಯಲ್ಲಿ ಇದನ್ನು ಕಟ್ಟಿಡಬೇಕಾಗುತ್ತದೆ ಅಂತ ಎಲ್ಲರೂ ಹೇಳಿದ್ದರು. ಎರಡನೇ ಬೇಸಿಗೆಯಲ್ಲಿ ಸುಮ್ನೆ ಕುರ್ಚಿಯ ಮೇಲೇ ಬಿಟ್ಟೆ. ಮಧ್ಯಾಹ್ನ ಫ್ಯಾನ್ ಕೆಳಗೆ ಕೂತರೆ ಬರಿ ಮರಕ್ಕಿಂತ, ರೆಕ್ಸಿನ್ ಸೋಫಾಗಿಂತ ಇದೇ ಹಾಯಾಗಿತ್ತು. ಬೆನ್ನು ಅಂಟುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್‌ನಷ್ಟು ಹಸಿಯನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ನಮ್ಮ ಒಣ ಹವೆಯಲ್ಲಿ ಹೀರಿದ ಬೆವರು ಬೇಗ ಆರಿಯೂ ಹೋಗುತ್ತದೆ. ಹಿಂಬದಿಗೆ ಶತ್ರುವಾದ ಬಾಗಲಕೋಟೆಯ ಒಣ ಗಾಳಿ ಮೇಲ್ಬದಿಗೆ ಇಷ್ಟು ಒಗ್ಗುತ್ತದೆ ಅಂತ ಬಳಸಿದ ಮೇಲೇ ತಿಳಿಯಿತು. ಕುರ್ಚಿಯನ್ನು ಮಾತ್ರ ಪಡುವಣ ಕಿಟಕಿಯಿಂದ ಒಳಕ್ಕೆ ಸರಿಸಿದ್ದೇನೆ, ಸಂಜೆ ಬಿಸಿಲು ನೇರ ಬೀಳದಂತೆ.

ನಕಲಿ ತುಪ್ಪಳದ ಹಾಸೂ ಒಂದಿದೆ ಮನೆಯಲ್ಲಿ. ಪಾಲಿಯೆಸ್ಟರ್‌ದು, ಎಂಟುನೂರು ರೂಪಾಯಿ, ಮಗನ ಕೋಣೆಗೆ ತಂದದ್ದು. ವಾಷಿಂಗ್ ಮಷಿನ್‌ಗೆ ಹಾಕಬಹುದು, ಯಾರ ಆಕ್ಷೇಪಣೆಯೂ ಇಲ್ಲ. ಆದರೆ ಒಂದು ವರ್ಷದಲ್ಲಿ ತುದಿಗಳೆಲ್ಲ ಗಂಟುಗಂಟಾಗಿ ಮುದ್ದೆಯಾಯಿತು. ಬಾಚಿದರೂ ಏಳುವುದಿಲ್ಲ. ಚಳಿಗಾಲದ ಒಣ ದಿನಗಳಲ್ಲಿ ಕೈ ಸವರಿದರೆ ಚಟಚಟ ಅನ್ನುತ್ತದೆ, ಧೂಳನ್ನು ಎಳೆದು ಹಿಡಿದುಕೊಳ್ಳುತ್ತದೆ. ಅಸಲಿಯಾ ನಕಲಿಯಾ ಅಂತ ಅನುಮಾನ ಬಂದರೆ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಅಸಲಿ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಕರಿ ಬೂದಿಯಾಗುತ್ತದೆ. ನಕಲಿ ಕರಗಿ ಗಟ್ಟಿ ಮಣಿಯಾಗುತ್ತದೆ.

ಆಕ್ಷೇಪಣೆ ಅಂದೆನಲ್ಲ, ಅದನ್ನೂ ಹೇಳಬೇಕು. ನಮ್ಮದು ಮಾಂಸ ಮುಟ್ಟದ ಮನೆ. ಹಾಸು ಬಂದ ದಿನ ಅತ್ತೆ ಕೇಳಿದ ಮಾತು ಇದು: "ಕುರಿ ಕೊಂದು ತಗದ ತೊಗಲು ಮನ್ಯಾಗ ಯಾಕ ಬೇಕ ನಿನಗ? ಉಣ್ಣಿ ಬೇಕಂದ್ರ ಕಂಬಳಿ ಇಲ್ಲೇನು?" ಮಾಂಸಕ್ಕೆ ಕಡಿದ ಕುರಿಯ ತೊಗಲೇ ಇದು, ಬಳಸದಿದ್ದರೆ ಎಸೆಯುತ್ತಾರೆ ಅಂದೆ. ಅವರು ಒಪ್ಪಲಿಲ್ಲ. ಇವತ್ತಿಗೂ ಆ ಕುರ್ಚಿಯಲ್ಲಿ ಕೂರುವುದಿಲ್ಲ. ಹಾಸು ದೇವರ ಕೋಣೆಗೂ ಅಡುಗೆ ಮನೆಗೂ ಹೋಗುವಂತಿಲ್ಲ ಅಂತ ನಮ್ಮ ನಡುವೆ ಮಾತಾಗಿದೆ. ಅದನ್ನು ನಾನು ಪಾಲಿಸುತ್ತೇನೆ. ಕಂಬಳಿಗೆ ಕುರಿಯ ಉಣ್ಣೆ ಕತ್ತರಿಸುತ್ತಾರೆ, ಕುರಿ ಬದುಕಿ ಮೇಯಲು ಹೋಗುತ್ತದೆ. ಅತ್ತೆಯ ಈ ವಾದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನಿಮ್ಮ ಮನೆಯಲ್ಲೂ ಈ ಮಾತು ಬರುತ್ತದೆ, ದುಡ್ಡು ಕೊಡುವ ಮೊದಲೇ ಮಾತಾಡಿಕೊಳ್ಳಿ.

ಅತ್ತೆಯ ಕಂಬಳಿಯ ಬಗ್ಗೆಯೂ ಬರೆಯದಿದ್ದರೆ ಈ ವಿಮರ್ಶೆ ಅರ್ಧವೇ ಆದೀತು. ದಖ್ಖನಿ ಕುರಿಯ ಕರಿ ಉಣ್ಣೆ, ಕೈಮಗ್ಗದ ನೇಯ್ಗೆ. ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ನೇಯುತ್ತಾರೆ. ಅದಕ್ಕೇ ಹೊಸ ಕಂಬಳಿ ಅಷ್ಟು ಬಿರುಸು. ಮೆರಿನೋ ಎಳೆಯ ದಪ್ಪ 20 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಆಸುಪಾಸು, ಮೈಗೆ ಚುಚ್ಚುವುದಿಲ್ಲ. 30 ಮೈಕ್ರಾನ್ ದಾಟಿದ ಎಳೆ ಚುಚ್ಚತೊಡಗುತ್ತದೆ, ದಖ್ಖನಿ ಉಣ್ಣೆಯಲ್ಲಿ ಅಂಥವೇ ಜಾಸ್ತಿ. ಬರಿ ಮೈಗೆ ಕಂಬಳಿ ಹಿತವಲ್ಲ. ಆದರೆ ಅದಕ್ಕೆ ಕೆಡುವ ಹಿಂಬದಿಯೇ ಇಲ್ಲ. ಬಿಸಿಲಿಗೆ ಹಾಕಿ, ಮಳೆಗೆ ಹೊದ್ದುಕೊಳ್ಳಿ, ಏನೂ ಆಗುವುದಿಲ್ಲ. ಅತ್ತೆಯ ಕಂಬಳಿ ನನ್ನ ಮದುವೆಗಿಂತ ಹಳೆಯದು. ಹೋದ ವರ್ಷ ಒಂದು ಕಂಬಳಿ ತಂದು ದಿವಾನದ ಮೇಲೆ ಹಾಸಿದೆ. ಕರಿ ಕಂಬಳಿ, ಅದರ ಮೇಲೆ ಕೆಂಪು ಖಣದ ದಿಂಬು, ಪಕ್ಕದಲ್ಲಿ ಬಿಳಿ ಹಾಸಿನ ಕುರ್ಚಿ. ಮನೆಗೆ ಬಂದವರು ಈಗ ಮೊದಲು ಕೇಳುವುದು ಕಂಬಳಿಯ ಬಗ್ಗೆ. ಬಜೆಟ್ ಕಡಿಮೆ ಇದ್ದರೆ ಕಂಬಳಿಯಿಂದಲೇ ಶುರು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹಳೆಯ ಮನೆಗಳಲ್ಲಿ ಜಪಕ್ಕೆ ಕೂರುವ ಜಿಂಕೆ ಚರ್ಮ, ಗೋಡೆಯ ಮೇಲಿನ ಕೊಂಬು ನೋಡಿ ಅಂಥದ್ದು ಬೇಕು ಅನ್ನುವವರೂ ಇದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಹುಲಿ, ಚಿರತೆಯ ಚರ್ಮ ಕೊಳ್ಳುವುದು, ಮಾರುವುದು ಅಪರಾಧ. ಯಾರೋ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ. ಒಂದು ಪ್ರಾಣಿಯ ಜೀವ ಹೋಗಿರುತ್ತದೆ, ಜೈಲಿಗೆ ನೀವು ಹೋಗುತ್ತೀರಿ.

ಮಳೆಗಾಲದಲ್ಲಿ ಹುಳದ ಕಾಟ. ಉಣ್ಣೆ ತಿನ್ನುವುದು ಹಾರುವ ಚಿಟ್ಟೆ ಅಲ್ಲ, ಅದರ ಮರಿಹುಳ. ಕತ್ತಲೆ, ಅಲುಗಾಡದ ಜಾಗ, ಬೆವರು ಮೆತ್ತಿದ ಉಣ್ಣೆ ಅದಕ್ಕೆ ಇಷ್ಟ. ದಿನಾ ಝಾಡಿಸುವ ಈ ಹಾಸಿನಲ್ಲಿ ಇಲ್ಲಿಯವರೆಗೆ ಹುಳ ಬಂದಿಲ್ಲ. ಊರಿಗೆ ಹೋಗುವಾಗ ಹಳೆಯ ಕಾಟನ್ ಸೀರೆಯಲ್ಲಿ ಸಡಿಲವಾಗಿ ಸುತ್ತಿ ಒಣ ಬೇವಿನ ಎಲೆ, ನುಸಿಗುಳಿಗೆ ಎರಡೂ ಇಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ, ತೊಗಲು ಉಸಿರುಗಟ್ಟಿ ನಾರುತ್ತದೆ.

ನನ್ನ ತಂಗಿ ಬೆಳಗಾವಿಯಲ್ಲಿದ್ದಾಳೆ, ಟಿಳಕವಾಡಿ ಕಡೆ. ನನ್ನದನ್ನು ನೋಡಿ ಅವಳೂ ಒಂದು ತರಿಸಿದಳು, ಅದೇ ಅಂಗಡಿಯಿಂದ. ಅವಳದು ಬಿಸಿಲಿಗೆ ಒಂದಿಷ್ಟೂ ಗಟ್ಟಿಯಾಗಿಲ್ಲ. ಆದರೆ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಹಿಂಬದಿಗೆ ಹಸಿರು ಬೂಷ್ಟು ಹಿಡಿಯಿತು. ನೆಲಕ್ಕೆ ಹಾಸಿದ್ದಳು, ಕೆಳಗಿನ ತಂಪಿಗೆ ತೊಗಲು ಆರಲೇ ಇಲ್ಲ. ಫೋನ್ ಮಾಡಿ, "ಅಕ್ಕಾ, ನಿನ್ನಂಗ ಎಣ್ಣಿ ಹಚ್ಚಲೇನ?" ಅಂತ ಕೇಳಿದಳು. ಬೇಡ ಅಂದೆ. ಬೂಷ್ಟನ್ನು ಒಣ ಬ್ರಷ್‌ನಿಂದ ಮನೆಯ ಹೊರಗೆ ಉದುರಿಸಿ, ದಪ್ಪ ಬಿದಿರ ಗಳಕ್ಕೆ ತೊಗಲ ಬದಿ ಮೇಲಾಗಿ ಹಾಕಿ, ಎರಡು ದಿನ ಫ್ಯಾನ್ ಬಿಡಲು ಹೇಳಿದೆ. ಕಲೆ ಸ್ವಲ್ಪ ಉಳಿದಿದೆ, ವಾಸನೆ ಹೋಗಿದೆ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಳು ಹಾಸನ್ನು ನೆಲಕ್ಕೆ ಇಳಿಸುವುದೇ ಇಲ್ಲ, ಬೆತ್ತದ ಕುರ್ಚಿಯ ಬೆನ್ನಿಗೆ ಹಾಕಿರುತ್ತಾಳೆ. ಬೆತ್ತದ ಸಂದಿಯಿಂದ ಹಿಂಬದಿಗೂ ಗಾಳಿ ಆಡುತ್ತದೆ.